ಪಹಣಿಯಿಂದ ವೀಸಾವರೆಗೆ: ಹಾಸನ, ಚಿಕ್ಕಮಗಳೂರಿನಿಂದ ವಿದೇಶದ ಐಟಿ ಸ್ನಾತಕೋತ್ತರ ಪದವಿಗೆ ಹೊರಡುವವರಿಗೆ

ಕಳೆದ ದೀಪಾವಳಿ ಮುಗಿದ ವಾರ ಬೇಲೂರು ಕಡೆಯ ಹುಡುಗಿಯೊಬ್ಬಳು ಅಪ್ಪನ ಜೊತೆ ಹಾಸನದ ನಮ್ಮ ಮನೆಗೆ ಬಂದಿದ್ದಳು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ 7.5 ಬಂದಿತ್ತು. ಆಸ್ಟ್ರೇಲಿಯಾದ ವಿಶ್ವವಿದ್ಯಾಲಯವೊಂದು ಫೆಬ್ರುವರಿ ತಂಡಕ್ಕೆ ಸೀಟು ಕೊಟ್ಟಿತ್ತು. ಕೆಲಸ ನಿಂತದ್ದು ಬ್ಯಾಂಕಿನಲ್ಲಿ. ಅಡಮಾನಕ್ಕೆ ಇಡಬೇಕಿದ್ದ ಮನೆ ಎಂಟು ವರ್ಷದ ಹಿಂದೆ ತೀರಿಹೋದ ಅಜ್ಜನ ಹೆಸರಲ್ಲೇ ಇತ್ತು. "ನಾವಿರೋ ಮನೆ, ಯಾರೂ ಕೇಳೋರಿರ್ಲಿಲ್ಲ, ಹಂಗೇ ಬಿಟ್ಟಿದ್ವಿ ಕಣಮ್ಮ" ಅಂದರು ಅವರಪ್ಪ. ಮರಣ ಪ್ರಮಾಣಪತ್ರ, ವಂಶವೃಕ್ಷ, ಇಬ್ಬರು ಸೋದರತ್ತೆಯರ ಸಹಿ, ಖಾತೆ ಬದಲಾವಣೆ, ಇಷ್ಟು ಮುಗಿಯುವಷ್ಟರಲ್ಲಿ ಶುಲ್ಕ ಕಟ್ಟುವ ಗಡುವು ದಾಟಿಹೋಯಿತು. ಅವಳು ಜುಲೈ ತಂಡಕ್ಕೆ ಮುಂದೂಡಿಸಿಕೊಳ್ಳಬೇಕಾಯಿತು.

ನಾನು ಆಲೂರು ತಾಲ್ಲೂಕಿನವಳು. ಹಾಸನದಲ್ಲಿ ಬಿಇ ಮುಗಿಸಿ, ಆಸ್ಟ್ರೇಲಿಯಾದಲ್ಲಿ ಎರಡು ವರ್ಷದ ಐಟಿ ಸ್ನಾತಕೋತ್ತರ ಪದವಿ ಓದಿ, ಕೆಲವು ವರ್ಷ ಅಲ್ಲೇ ಕೆಲಸ ಮಾಡಿ ಊರಿಗೆ ಮರಳಿದ್ದೇನೆ. ನಮ್ಮ ಕಡೆಯ ಮಕ್ಕಳು ದಾರಿ ಕೇಳಿಕೊಂಡು ಬರುತ್ತಾರೆ. ಎಲ್ಲರೂ ಮೊದಲು ಕೇಳುವುದು ಯಾವ ಯೂನಿವರ್ಸಿಟಿ, ಎಷ್ಟು ಸ್ಕೋರ್ ಬೇಕು ಅಂತ. ಆದರೆ ಇಲ್ಲಿಂದ ಹೊರಡುವವರನ್ನು ಹಿಡಿದು ನಿಲ್ಲಿಸುವುದು ಸ್ಕೋರ್ ಅಲ್ಲ, ಮನೆಯ ಕಾಗದಪತ್ರ ಮತ್ತು ದುಡ್ಡು ಕೈಗೆ ಬರುವ ಹೊತ್ತು. ಅದಕ್ಕೇ ಈ ಮಾರ್ಗದರ್ಶಿಯನ್ನು ವಿಶ್ವವಿದ್ಯಾಲಯದಿಂದಲ್ಲ, ಮನೆಯ ಬೀರುವಿನಿಂದ ಶುರು ಮಾಡುತ್ತೇನೆ.

ಒಂದೂವರೆ ವರ್ಷ ಮೊದಲು

ಅಮೆರಿಕದಲ್ಲಿ ತರಗತಿ ಶುರುವಾಗುವುದು ಆಗಸ್ಟ್ ಕೊನೆಗೆ. ಅಲ್ಲಿನ ಬಹುಪಾಲು ಅರ್ಜಿಗಳ ಗಡುವು ಹಿಂದಿನ ಡಿಸೆಂಬರ್, ಜನವರಿಯಲ್ಲಿ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು. ಜುಲೈ 15ರ ಗಡುವು ಪ್ರಸಿದ್ಧವಾದರೂ ವಿದೇಶಿ ವಿದ್ಯಾರ್ಥಿಗಳು ಹೆಚ್ಚು ಸೇರುವ ಇಂಗ್ಲಿಷ್ ಮಾಧ್ಯಮದ ಕೋರ್ಸ್‌ಗಳು ಮಾರ್ಚ್‌ಗೋ ಮೇ ತಿಂಗಳಿಗೋ ಬಾಗಿಲು ಮುಚ್ಚುತ್ತವೆ. ಆಸ್ಟ್ರೇಲಿಯಾಕ್ಕೆ ಫೆಬ್ರುವರಿ ಮತ್ತು ಜುಲೈ ಎಂದು ಎರಡು ತಂಡ. ಬ್ರಿಟನ್, ಐರ್ಲೆಂಡ್ ಮುಖ್ಯವಾಗಿ ಸೆಪ್ಟೆಂಬರ್.

ಇದನ್ನು ನಮ್ಮ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಮಾರ್ಚ್‌ವರೆಗೂ ಎಳೆಯುತ್ತದೆ. ಒಣಗಿಸಿ, ಮಾರಿ, ದುಡ್ಡು ಖಾತೆಗೆ ಬೀಳುವಾಗ ಏಪ್ರಿಲ್ ಆಗಿರುತ್ತದೆ. ಆಲೂಗಡ್ಡೆ ಅಥವಾ ಶುಂಠಿ ಬೆಳೆಯುವವರ ಲೆಕ್ಕವೇ ಬೇರೆ. ಆಗಸ್ಟ್, ಸೆಪ್ಟೆಂಬರ್ ತಂಡಕ್ಕೆ ಮುಂಗಡ ಕಟ್ಟುವ ಏಪ್ರಿಲ್–ಜೂನ್ ತಿಂಗಳುಗಳು ಕಾಫಿ ಮನೆಯವರಿಗೆ ಹೊಂದುತ್ತವೆ. ಫೆಬ್ರುವರಿ ತಂಡಕ್ಕಾದರೆ ನವೆಂಬರ್‌ನಲ್ಲೇ ದುಡ್ಡು ಬೇಕು; ಆಗ ಹಣ್ಣು ಇನ್ನೂ ಗಿಡದಲ್ಲಿರುತ್ತದೆ. ಅಪ್ಪನ ಬಳಿ ಕೂತು, ಯಾವ ತಿಂಗಳಲ್ಲಿ ಕೈಯಲ್ಲಿ ಎಷ್ಟಿರುತ್ತದೆ ಎಂದು ಮೊದಲೇ ಕೇಳಿಕೊಂಡು ತಂಡ ಆರಿಸಿಕೊಳ್ಳಿ.

ಆಗಸ್ಟ್‌ಗೆ ಹೊರಡುವವರು ಹಿಂದಿನ ವರ್ಷದ ಮಾರ್ಚ್, ಏಪ್ರಿಲ್‌ನಲ್ಲಿ, ಅಂದರೆ ತೋಟದಲ್ಲಿ ಕಾಫಿ ಹೂವಾಗುವ ಹೊತ್ತಿಗೆ ಕೆಲಸ ಶುರು ಮಾಡಬೇಕು. ಎಂಜಿನಿಯರಿಂಗ್ ಓದುತ್ತಿರುವವರಿಗೆ ಇದು ಆರನೇ ಸೆಮಿಸ್ಟರ್.

ಮೊದಲ ಹೆಜ್ಜೆ: ಹೆಸರು

ನಮ್ಮಲ್ಲಿ ಮನೆತನದ ಹೆಸರು ಹಚ್ಚಿಕೊಳ್ಳುವ ರೂಢಿ ಕಡಿಮೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ರಮ್ಯಾ ಎಚ್. ಎಸ್." ಎಂದಿದ್ದರೆ ಆಧಾರ್‌ನಲ್ಲಿ ಬರೀ "ರಮ್ಯಾ" ಎಂದಿರುತ್ತದೆ, ಬ್ಯಾಂಕಿನಲ್ಲಿ "ರಮ್ಯಾ ಸೋಮಶೇಖರ್". ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಹಾಕಲು ಬಿಡುವುದಿಲ್ಲ, ಬಿಡಿಸಿಯೇ ಬರೆಯಬೇಕು. ಇಡೀ ಹೆಸರನ್ನು ಒಂದೇ ಕಾಲಂನಲ್ಲಿ ತುಂಬಿ ಇನ್ನೊಂದನ್ನು ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಆಮೇಲೆ ಅಲ್ಲಿನ ಬ್ಯಾಂಕ್, ಡ್ರೈವಿಂಗ್ ಲೈಸೆನ್ಸ್, ಸಂಬಳದ ಚೀಟಿ ಎಲ್ಲದರಲ್ಲೂ ಅದೇ ಹೆಸರು ಬೆನ್ನಟ್ಟುತ್ತದೆ.

ಹಾಗಾಗಿ ಗಿವನ್ ನೇಮ್ ಮತ್ತು ಸರ್‌ನೇಮ್ ಎರಡನ್ನೂ ತುಂಬಿ. ಇನಿಷಿಯಲ್‌ನಲ್ಲಿರುವ ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಜಾಗಕ್ಕೆ ಹೋಗಲಿ. ಆಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆಗಳನ್ನು ಪಾಸ್‌ಪೋರ್ಟ್‌ಗೆ ಸರಿಹೊಂದಿಸಿ. ಅಂಕಪಟ್ಟಿ ಬದಲಾಯಿಸಲು ಹೋಗಬೇಡಿ. "ಈ ಇಬ್ಬರೂ ಒಬ್ಬರೇ" ಎಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಬಹುತೇಕ ಕಡೆ ಸಾಕಾಗುತ್ತದೆ. ಅಪ್ಪ, ಅಮ್ಮನ ಹೆಸರಿನ ಕಾಗುಣಿತವನ್ನೂ ನೋಡಿ. ಸಾಲಕ್ಕೆ ಅವರು ಜೊತೆ ಅರ್ಜಿದಾರರಾಗುವಾಗ ಆ ಒಂದಕ್ಷರವೇ ಅಡ್ಡ ಬರುತ್ತದೆ.

ಪಾಸ್‌ಪೋರ್ಟ್ ಮಾಡಿಸಲು ಬೆಂಗಳೂರಿಗೆ ಹೋಗಬೇಕಿಲ್ಲ, ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವೇ ಸಾಕು. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ಪೊಲೀಸ್ ಪರಿಶೀಲನೆಯ ದಿನ ಆ ವಿಳಾಸದಲ್ಲೇ ಇರಿ. ಪಿಜಿಯಲ್ಲಿದ್ದುಕೊಂಡು ಊರಿನ ವಿಳಾಸ ಕೊಟ್ಟವರ ಕಡತ ವಾಪಸ್ ಹೋಗಿದ್ದನ್ನು ಕಂಡಿದ್ದೇನೆ.

ಎರಡನೇ ಹೆಜ್ಜೆ: ಮನೆ, ಜಮೀನಿನ ಕಾಗದ

"ಹತ್ತೆಕರೆ ತೋಟ ಇದೆ, ಸಾಲಕ್ಕೇನು ತೊಂದ್ರೆ?" ಎಂದು ಕೇಳುವ ಅಪ್ಪಂದಿರೇ ಹೆಚ್ಚು. ತೊಂದರೆ ಇರುವುದು ಕಾನೂನಿನಲ್ಲಿ. ಸಾಲ ತೀರದಿದ್ದರೆ ಆಸ್ತಿಯನ್ನು ಬ್ಯಾಂಕು ನೇರವಾಗಿ ಹರಾಜಿಗೆ ಹಾಕಲು ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಬೆಳೆ ಸಾಲಕ್ಕೆ ಪಹಣಿ ನಡೆಯುತ್ತದೆ. ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಕೃಷಿ ಜಮೀನನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ಊರಲ್ಲೋ ಪೇಟೆಯಲ್ಲೋ ಇರುವ ಮನೆ, ನಿವೇಶನ, ಇಲ್ಲವೇ ಠೇವಣಿ. ಹತ್ತೆಕರೆ ತೋಟವಿದ್ದೂ, ಹಾಸನದಲ್ಲಿ ಮೂವತ್ತು–ನಲವತ್ತರ ಸೈಟು ಇರುವವರಿಗಿಂತ ಬ್ಯಾಂಕಿನ ಎದುರು ಕಷ್ಟಪಡುವುದು ಇದೇ ಕಾರಣಕ್ಕೆ.

ಅಡಮಾನಕ್ಕೆ ಇಡುವ ಆಸ್ತಿ ಯಾರ ಹೆಸರಲ್ಲಿದೆ ಎಂದು ಇವತ್ತೇ ನೋಡಿ. ತೀರಿಹೋದವರ ಹೆಸರಲ್ಲಿದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸಬೇಕು. ದೊಡ್ಡಪ್ಪ, ಚಿಕ್ಕಪ್ಪಂದಿರ ಜೊತೆ ಜಂಟಿಯಾಗಿದ್ದರೆ ನೋಂದಾಯಿತ ವಿಭಾಗ ಪತ್ರ ಬೇಕು, ಇಲ್ಲವೇ ಅವರೆಲ್ಲ ಬಂದು ಸಹಿ ಹಾಕಬೇಕು. ಹೆಣ್ಣುಮಕ್ಕಳ ಹಕ್ಕು ಬಿಟ್ಟುಹೋಗಿದ್ದರೆ ಬ್ಯಾಂಕಿನ ವಕೀಲರು ಕಡತ ಮುಂದಕ್ಕೆ ಬಿಡುವುದಿಲ್ಲ. ಗ್ರಾಮ ಪಂಚಾಯ್ತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ಕೈಯಲ್ಲಿರುವುದು 11ಬಿ ಆದರೆ ಬ್ಯಾಂಕುಗಳು ಹಿಂಜರಿಯುತ್ತವೆ. ನಗರದಲ್ಲಾದರೆ ಇ-ಖಾತಾ. ಜೊತೆಗೆ ನೋಂದಣಿ ಇಲಾಖೆಯ ಕಾವೇರಿ ತಾಣದಿಂದ ಋಣಭಾರ ಪತ್ರ, ಅಂದರೆ ಇಸಿ. ಬ್ಯಾಂಕನ್ನು ನೋಡಿಕೊಂಡು 13ರಿಂದ 30 ವರ್ಷದವರೆಗಿನದನ್ನು ಕೇಳುತ್ತಾರೆ. ಕಂದಾಯದ ರಸೀದಿ, ಮೂಲ ಕ್ರಯಪತ್ರ, ಕಟ್ಟಡದ ನಕ್ಷೆ. ಇವೆಲ್ಲ ಸಿದ್ಧವಿದ್ದರೂ ವಕೀಲರ ಅಭಿಪ್ರಾಯ, ಎಂಜಿನಿಯರರ ಮೌಲ್ಯಮಾಪನ ಮುಗಿಯಲು ವಾರಗಳು ಹಿಡಿಯುತ್ತವೆ.

ಮನೆಯೊಳಗೆ ಈ ಮಾತು ತೆಗೆಯುವುದು ಸುಲಭವಲ್ಲ, ನನಗೆ ಗೊತ್ತು. ಆಸ್ತಿ ವಿಷಯ ಎತ್ತಿದ ಕೂಡಲೇ ಅಣ್ಣತಮ್ಮಂದಿರ ಮಧ್ಯೆ ಮುಖ ಗಂಟಿಕ್ಕುತ್ತದೆ. ಅದಕ್ಕೇ ಒಂದೂವರೆ ವರ್ಷ ಮೊದಲು ಅಂದಿದ್ದು. ಹಬ್ಬಕ್ಕೆ ಎಲ್ಲರೂ ಸೇರಿದಾಗ, ಯಾವ ಅವಸರವೂ ಇಲ್ಲದಾಗ, ಅಜ್ಜಿಯ ಎದುರಿಗೇ ಕೇಳಿ. ಗಡುವು ಕುತ್ತಿಗೆಗೆ ಬಂದಾಗ ಕೇಳಿದರೆ ಅದು ಒತ್ತಾಯದಂತೆ ಕೇಳಿಸುತ್ತದೆ.

ಆದಾಯದ ದಾಖಲೆ ಇನ್ನೊಂದು ತೊಡಕು. ಕಾಫಿ ಹಣ್ಣೋ, ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟೋ ಮಾರುವ ಬೆಳೆಗಾರರ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಆದ್ದರಿಂದ ಬಹಳ ಮನೆಗಳಲ್ಲಿ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಆದರೆ ಬ್ಯಾಂಕೂ ವೀಸಾ ಅಧಿಕಾರಿಯೂ ಮೊದಲು ಕೇಳುವುದೇ ಅದನ್ನು. ತೆರಿಗೆ ಬಾರದಿದ್ದರೂ ಕೃಷಿ ಆದಾಯ ತೋರಿಸಿ ಎರಡು ಮೂರು ವರ್ಷ ರಿಟರ್ನ್ ಹಾಕಿಸಿಡಿ. ಕ್ಯೂರಿಂಗ್ ವರ್ಕ್ಸ್‌ನವರು, ವ್ಯಾಪಾರಿಗಳು ಕೊಟ್ಟ ಬಿಲ್ಲುಗಳನ್ನು ಜೋಡಿಸಿಡಿ. ಮಾರಿದ ದುಡ್ಡು ನಗದಾಗಿ ಬೇಡ, ಖಾತೆಗೇ ಬರಲಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರವನ್ನೂ ತೆಗೆಸಿಕೊಳ್ಳಿ, ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತದೆ.

ಮೂರನೇ ಹೆಜ್ಜೆ: ಸಾಲದ ಲೆಕ್ಕ, ಊರಿನ ಸಂಬಳದಲ್ಲಿ

40 ಲಕ್ಷ ಸಾಲ, ಶೇ 10.5 ಬಡ್ಡಿ, 10 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 54,000 ರೂಪಾಯಿ. ಓದುವ ಕಾಲದ ಬಡ್ಡಿಯನ್ನು ಕಟ್ಟದೆ ಅಸಲಿಗೆ ಸೇರಿಸಿದರೆ ಕಂತು ಇನ್ನೂ ಏರುತ್ತದೆ. ನಾನು ಪ್ರತಿಯೊಬ್ಬರಿಗೂ ಹೇಳುವ ಮಾತು ಒಂದೇ: ವಿದೇಶದಲ್ಲಿ ಕೆಲಸ ಸಿಗದೆ ಬೆಂಗಳೂರಿಗೆ ಮರಳಿದರೂ ಆ ಸಂಬಳದಲ್ಲಿ ಈ ಕಂತು ಕಟ್ಟಲು ಆಗುತ್ತದೆಯೇ? ಆಗುವುದಿಲ್ಲ ಎಂದಾದರೆ ದೇಶ ಬದಲಿಸಿ, ಕೋರ್ಸ್ ಬದಲಿಸಿ, ಇಲ್ಲವೇ ಎರಡು ವರ್ಷ ಕೆಲಸ ಮಾಡಿ ಉಳಿಸಿ ಹೋಗಿ. ಡಾಲರ್ ಸಂಬಳವನ್ನು ಮನಸ್ಸಲ್ಲಿಟ್ಟುಕೊಂಡು ಮನೆ ಅಡವಿಡುವುದನ್ನು ನಾನು ಒಪ್ಪುವುದಿಲ್ಲ.

ಬ್ಯಾಂಕುಗಳ ಮಾದರಿ ಯೋಜನೆಯಂತೆ 7.5 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ; 4 ಲಕ್ಷ ದಾಟಿದರೆ ವಿದೇಶದ ಓದಿಗೆ ಶೇ 15ರಷ್ಟನ್ನು ನಾವೇ ಹಾಕಬೇಕು. ಕೆಲವು ಬ್ಯಾಂಕುಗಳು, ಖಾಸಗಿ ಹಣಕಾಸು ಸಂಸ್ಥೆಗಳು ತಾವು ಪಟ್ಟಿ ಮಾಡಿಕೊಂಡ ವಿಶ್ವವಿದ್ಯಾಲಯಗಳಿಗೆ ಅಡಮಾನವಿಲ್ಲದೆ ದೊಡ್ಡ ಮೊತ್ತ ಕೊಡುತ್ತವೆ. ಅಲ್ಲಿ ಬಡ್ಡಿ ಹೆಚ್ಚು, ಸಂಬಳದಾರ ಜೊತೆ ಅರ್ಜಿದಾರರು ಬೇಕು. ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತಾ ಹೋದರೆ ಕೊನೆಯಲ್ಲಿ ಭಾರ ಬಹಳ ಇಳಿಯುತ್ತದೆ. ಕಟ್ಟಿದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ 8 ವರ್ಷ ವಿನಾಯಿತಿ ಇದೆ. ಮನೆಯ ದುಡ್ಡನ್ನೇ ಕಳಿಸುವುದಾದರೆ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ, ರಿಟರ್ನ್‌ನಲ್ಲಿ ವಾಪಸ್ ಪಡೆಯಬಹುದು. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಅದು ಇಲ್ಲ.

ಸಾಲಕ್ಕೆ ಮೊದಲು ನೆರವಿನ ಬಾಗಿಲುಗಳನ್ನು ತಟ್ಟಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಹಿಂದುಳಿದ ವರ್ಗಗಳ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ವಿದೇಶ ವ್ಯಾಸಂಗಕ್ಕೆ ಸಾಲ ಕೊಡುತ್ತವೆ. 1892ರಿಂದ ನಡೆಯುತ್ತಿರುವ ಜೆ. ಎನ್. ಟಾಟಾ ಎಂಡೋಮೆಂಟ್ ಎಲ್ಲರಿಗೂ ತೆರೆದಿದೆ. ಎರಡು ವರ್ಷ ಕೆಲಸದ ಅನುಭವ ಇರುವವರು ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ ನೋಡಬೇಕು, ಜರ್ಮನಿಗೆ ಹೋಗುವವರು ಡಾಡ್ (DAAD) ವಿದ್ಯಾರ್ಥಿವೇತನ ನೋಡಬೇಕು. ನಮ್ಮ ಜಿಲ್ಲೆಗಳ ಮಕ್ಕಳು ಇವಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ ಎಂಬುದು ನನ್ನ ದೊಡ್ಡ ಸಂಕಟ. "ನಮಗೆಲ್ಲಿ ಸಿಗುತ್ತೆ ಅಕ್ಕ" ಅನ್ನುತ್ತಾರೆ. ಅರ್ಜಿ ಹಾಕಿದವರಿಗೆ ಮಾತ್ರ ಸಿಗುತ್ತದೆ, ದಯವಿಟ್ಟು ಹಾಕಿ.

ನಾಲ್ಕನೇ ಹೆಜ್ಜೆ: ಕೋರ್ಸಿನ ಹೆಸರು ನಂಬಬೇಡಿ, ವಿಷಯಪಟ್ಟಿ ಓದಿ

ಐಟಿ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಓದುಗಳಿವೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಮಾಸ್ಟರ್ ಆಫ್ ಇನ್ಫರ್ಮೇಷನ್ ಟೆಕ್ನಾಲಜಿ ಪೂರ್ತಿ ಕಂಪ್ಯೂಟಿಂಗ್ ಕಡೆಗಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕ್ಯಾಂಪಸ್ಸಿನ ಇನ್ಫರ್ಮೇಷನ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್ ನಡೆಯುವುದು ಅಲ್ಲಿನ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಇನ್ಫೋಟೆಕ್ ಹೆಸರಿಗೆ ಐಟಿ, ಒಳಗೆ ಎಂಬೆಡೆಡ್ ಸಿಸ್ಟಮ್, ಸಂವಹನ ತಂತ್ರಜ್ಞಾನ ಹೆಚ್ಚು. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಅದು ಹೇಳಿ ಮಾಡಿಸಿದ್ದು, ವೆಬ್ ಡೆವಲಪ್‌ಮೆಂಟ್ ಮಾಡಬೇಕೆನ್ನುವವರಿಗೆ ಅಲ್ಲ.

ಪ್ರತಿ ಕೋರ್ಸಿನ ಕಡ್ಡಾಯ ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ನಿಮ್ಮ ವಿಟಿಯು ಪಠ್ಯದಲ್ಲೇ ಓದಿದ್ದಾಗಿದ್ದರೆ ಅಷ್ಟು ದುಡ್ಡು ಕೊಟ್ಟು ಮತ್ತೆ ಓದುವುದು ಬೇಡ. ಮೆಕ್ಯಾನಿಕಲ್, ಸಿವಿಲ್ ಓದಿ ದಾರಿ ಬದಲಿಸುವವರಿಗಾದರೆ ಅಂಥ ಬುನಾದಿ ವಿಷಯಗಳೇ ಬೇಕು. ಬ್ರಿಟನ್ನಿನಲ್ಲಿ ಅವರಿಗೆಂದೇ ಕನ್ವರ್ಷನ್ ಎಂಎಸ್ಸಿಗಳಿವೆ. ಅಮೆರಿಕಕ್ಕಾದರೆ ಇನ್ನೊಂದು ವಿಚಾರ ತಪ್ಪದೆ ಕೇಳಿ: ಕೋರ್ಸಿನ ವರ್ಗ ಸೂಚಿಸುವ ಸಿಐಪಿ ಸಂಖ್ಯೆ, ವಿಜ್ಞಾನ ಮತ್ತು ತಂತ್ರಜ್ಞಾನ ವಿಷಯಗಳ ಸ್ಟೆಮ್ ಪಟ್ಟಿಯಲ್ಲಿದೆಯೇ? ಓದಿದ ಮೇಲೆ 12 ತಿಂಗಳಷ್ಟೇ ಕೆಲಸವೋ, ಇನ್ನೂ 24 ತಿಂಗಳು ಸೇರಿ 36 ತಿಂಗಳೋ ಎಂಬುದು ಅದರ ಮೇಲೆ ನಿಂತಿದೆ.

ಬಿಸಿಎ, ಬಿಎಸ್ಸಿ ಓದಿದವರು ಗಮನಿಸಿ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷದ ಓದು ಕೇಳುತ್ತವೆ. ಮೂರು ವರ್ಷದ ಪದವಿ ಅಲ್ಲಿ ಸಾಲದೆ ಹೋಗಬಹುದು. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ.

ಐದನೇ ಹೆಜ್ಜೆ: ದೇಶ

ದುಡ್ಡು ಕಡಿಮೆ ಇದ್ದು ಅಂಕ ಚೆನ್ನಾಗಿದ್ದರೆ ನಾನು ಮೊದಲು ಹೇಳುವುದು ಜರ್ಮನಿ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಹಾಕಿದೆ. ಬದಲಿಗೆ ಒಂದು ವರ್ಷದ ಜೀವನ ವೆಚ್ಚ 11,904 ಯೂರೊವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು; ಅದು ತಿಂಗಳಿಗೆ 992 ಯೂರೊದಂತೆ ನಿಮಗೇ ವಾಪಸ್ ಬರುತ್ತದೆ. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ, ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಶುಲ್ಕ 18,000 ರೂಪಾಯಿ. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿ ಕೇಳುತ್ತಾರೆ, ತಿಂಗಳುಗಟ್ಟಲೆ ಹಿಡಿಯಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ಆದರೆ ಜರ್ಮನ್ ಭಾಷೆ ಬಾರದೆ ಕೆಲಸ ಸಿಗುವುದು ಕಷ್ಟ. ಇಲ್ಲಿಂದಲೇ ಕಲಿಯಲು ಶುರು ಮಾಡಿ, ಮೊದಲ ಸೆಮಿಸ್ಟರಿನಲ್ಲಿ ಅದಕ್ಕೆ ಹೊತ್ತು ಸಿಗುವುದಿಲ್ಲ.

ನಿಮ್ಮ ಅಂಕ ಜರ್ಮನಿಯಲ್ಲಿ ಎಷ್ಟಾಗುತ್ತದೆ ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು. ಗರಿಷ್ಠದಿಂದ ನಿಮ್ಮ ಸಿಜಿಪಿಎ ಕಳೆಯಿರಿ, ಗರಿಷ್ಠದಿಂದ ತೇರ್ಗಡೆಯ ಕನಿಷ್ಠ ಕಳೆದು ಬಂದದ್ದರಿಂದ ಅದನ್ನು ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ಕನಿಷ್ಠ 4 ಇದ್ದು ನಿಮ್ಮದು 8 ಆದರೆ 2.0 ಬರುತ್ತದೆ. ಅಲ್ಲಿ ಸಂಖ್ಯೆ ಸಣ್ಣದಾದಷ್ಟೂ ಒಳ್ಳೆಯದು.

ಆಸ್ಟ್ರೇಲಿಯಾ ನಾನು ಓದಿದ ದೇಶ, ಅದರ ಮೇಲೆ ಪ್ರೀತಿ ಇದೆ, ಆದರೆ ಈಗ ದುಬಾರಿ. ವಿದ್ಯಾರ್ಥಿ ವೀಸಾ ಅರ್ಜಿಗೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್. ತಿರಸ್ಕಾರವಾದರೆ ಅದು ವಾಪಸ್ ಬರುವುದಿಲ್ಲ. ಬೋಧನಾ ಶುಲ್ಕ, ಪ್ರಯಾಣದ ಖರ್ಚಿನ ಹೊರತಾಗಿ ವರ್ಷದ ಜೀವನ ವೆಚ್ಚಕ್ಕೆ 29,710 ಡಾಲರ್ ತೋರಿಸಬೇಕು. ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು.

ಬ್ರಿಟನ್ನಿನ ಓದು ಒಂದೇ ವರ್ಷ, ಒಂದು ವರ್ಷದ ಜೀವನ ವೆಚ್ಚ ಉಳಿಯುತ್ತದೆ. ಆದರೆ ಓದಿದ ಮೇಲೆ ಉಳಿಯುವ ಗ್ರಾಜುಯೇಟ್ ವೀಸಾ 2027ರ ಜನವರಿ 1ರಿಂದ ಹಾಕುವ ಅರ್ಜಿಗಳಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ಐರ್ಲೆಂಡ್‌ನಲ್ಲೂ ಒಂದು ವರ್ಷದ ಎಂಎಸ್ಸಿ, ಆಮೇಲೆ ಎರಡು ವರ್ಷ ಇರಬಹುದು. ಡಬ್ಲಿನ್‌ನಲ್ಲಿ ಬಾಡಿಗೆ ಮನೆ ಸಿಗುವುದೇ ದೊಡ್ಡ ಪರೀಕ್ಷೆ. ಅಮೆರಿಕದಲ್ಲಿ ಕೋರ್ಸುಗಳ ಆಯ್ಕೆ ಎಲ್ಲಕ್ಕಿಂತ ಹೆಚ್ಚು, ಖರ್ಚೂ ಹೆಚ್ಚು. ಅಲ್ಲಿ ಕೆಲಸದಲ್ಲಿ ಮುಂದುವರಿಯಲು ಬೇಕಾದ ಎಚ್-1ಬಿ ವೀಸಾ ಸಿಗುವುದು ನಿಮ್ಮ ಕೈಯಲ್ಲಿಲ್ಲ. ಅದು ಸಿಕ್ಕೇ ಸಿಗುತ್ತದೆ ಎಂದು ಲೆಕ್ಕದಲ್ಲಿ ಹಿಡಿಯಬೇಡಿ.

ಆರನೇ ಹೆಜ್ಜೆ: ಪರೀಕ್ಷೆಗಳು

ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್ ಅಂಕ ಎರಡು ವರ್ಷ ನಡೆಯುತ್ತದೆ, ಸ್ನಾತಕೋತ್ತರ ಪ್ರವೇಶದ ಜಿಆರ್‌ಇ ಐದು ವರ್ಷ. ಜಿಆರ್‌ಇ 2023ರ ಸೆಪ್ಟೆಂಬರ್‌ನಿಂದ ಎರಡು ಗಂಟೆಯೊಳಗೆ ಮುಗಿಯುತ್ತದೆ, ಅಮೆರಿಕದ ಎಷ್ಟೋ ಕೋರ್ಸುಗಳು ಅದನ್ನು ಕೇಳುವುದೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಮಾತನಾಡುವ ಭಾಗಕ್ಕೆ ಹೆದರುತ್ತಾರೆ, ಅಂಕ ಹೋಗುವುದು ಹೆಚ್ಚಾಗಿ ಬರವಣಿಗೆಯಲ್ಲಿ. ಮೂರು ತಿಂಗಳು ದಿನಕ್ಕೊಂದು ಪುಟ ಬರೆದು ಯಾರಿಂದಲಾದರೂ ತಿದ್ದಿಸಿಕೊಳ್ಳಿ. ಮನೆಯಿಂದಲೇ ಬರೆಯುವ ಪರೀಕ್ಷೆಯನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. ಸಕಲೇಶಪುರ, ಮೂಡಿಗೆರೆ ಕಡೆ ಜುಲೈನಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ನಿಮಗೇ ಗೊತ್ತು. ಬೆಂಗಳೂರಿನ ಕೇಂದ್ರಕ್ಕೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ಏಳನೇ ಹೆಜ್ಜೆ: ಅರ್ಜಿ

ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರಿನ ಅಂಕಗಳ ಅಧಿಕೃತ ಪಟ್ಟಿ, ಎಲ್ಲಿಂದ ತರಬೇಕು ಎಂಬುದರಲ್ಲೇ ಗೊಂದಲವಾಗುತ್ತದೆ. ಸ್ವಾಯತ್ತ ಕಾಲೇಜಾದರೆ ಕಾಲೇಜಿನ ಪರೀಕ್ಷಾ ವಿಭಾಗ, ಇಲ್ಲವಾದರೆ ಬೆಳಗಾವಿಯ ವಿಟಿಯು. ಬಿಸಿಎ, ಬಿಎಸ್ಸಿಯವರು ತಮ್ಮ ಪದವಿ ಕೊಟ್ಟ ವಿಶ್ವವಿದ್ಯಾಲಯ ಯಾವುದೆಂದು ಪ್ರಮಾಣಪತ್ರದಲ್ಲಿ ನೋಡಿಕೊಳ್ಳಿ: ಚಿಕ್ಕಮಗಳೂರಿನವರಿಗೆ ಕುವೆಂಪು ವಿಶ್ವವಿದ್ಯಾಲಯ, ಹಾಸನದ ಹಳೆಯ ತಂಡಗಳಿಗೆ ಮೈಸೂರು ವಿಶ್ವವಿದ್ಯಾಲಯ. ಬ್ಯಾಕ್‌ಲಾಗ್ ಇದ್ದರೆ ಮುಚ್ಚಿಡಬೇಡಿ. ಎಷ್ಟು, ಯಾಕೆ, ಹೇಗೆ ತೀರಿಸಿದಿರಿ ಎಂದು ನೇರವಾಗಿ ಬರೆಯಿರಿ.

ಶಿಫಾರಸು ಪತ್ರ ಮೂರು ಬೇಕಾಗಬಹುದು. ಪತ್ರ ಕೊಡುವ ಮೇಷ್ಟ್ರು ಕಾಲೇಜಿನ ಅಧಿಕೃತ ಇಮೇಲ್‌ನಿಂದಲೇ ಕಳಿಸಬೇಕು. ಜಿಮೇಲ್ ವಿಳಾಸ ಕೊಟ್ಟರೆ ಹಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಅಂಥ ಇಮೇಲ್ ಚಾಲ್ತಿಯಲ್ಲಿದೆಯೇ ಎಂದು ಸೆಮಿಸ್ಟರ್ ಮುಗಿಯುವ ಮೊದಲೇ ವಿಚಾರಿಸಿ. ನೀವು ಮಾಡಿದ ಪ್ರಾಜೆಕ್ಟ್, ಅದರಲ್ಲಿ ನಿಮ್ಮ ಪಾಲು, ಗಡುವುಗಳ ಪಟ್ಟಿಯನ್ನು ಅವರ ಕೈಗೆ ಒಂದು ಹಾಳೆಯಲ್ಲಿ ಕೊಡಿ. ಅವರಿಗೂ ನೂರು ಕೆಲಸ.

ಉದ್ದೇಶ ಪತ್ರದ ವಿಷಯದಲ್ಲಿ ನನಗೆ ಹಟವಿದೆ. "ಚಿಕ್ಕಂದಿನಿಂದಲೂ ನನಗೆ ಕಂಪ್ಯೂಟರ್ ಎಂದರೆ ಆಸಕ್ತಿ" ಎಂದು ಶುರುವಾಗುವ ಪತ್ರವನ್ನು ಓದುವವರು ದಿನಕ್ಕೆ ಹತ್ತಾರು ಬಾರಿ ಓದಿರುತ್ತಾರೆ. ನಿಮ್ಮದೇ ಏನಾದರೂ ಹೇಳಿ. ಕೊಪ್ಪದ ಹುಡುಗನೊಬ್ಬ ಅಪ್ಪ ಇಪ್ಪತ್ತು ವರ್ಷ ನೋಟ್‌ಬುಕ್‌ನಲ್ಲಿ ಬರೆದಿಟ್ಟ ಮಳೆ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ, ಹೂಮಳೆ ಬಿದ್ದ ದಿನಕ್ಕೂ ಆ ವರ್ಷದ ಇಳುವರಿಗೂ ಇರುವ ಸಂಬಂಧ ಹುಡುಕಿದ್ದ. ಅರ್ಧ ದತ್ತಾಂಶ ತಪ್ಪಿಹೋಗಿತ್ತು, ಅದನ್ನು ಹೇಗೆ ತುಂಬಿಸಿದೆ ಎಂದು ಎರಡು ಪ್ಯಾರಾ ಬರೆದಿದ್ದ. ಸಿಜಿಪಿಎ 7.4 ಇದ್ದೂ ಅವನಿಗೆ ಒಳ್ಳೆಯ ಕಡೆ ಸೀಟು ಸಿಕ್ಕಿತು. ನಮ್ಮ ಮನೆ, ತೋಟ, ಸೊಸೈಟಿ, ಸಂತೆಗಳಲ್ಲಿ ಅಂಥ ಸಮಸ್ಯೆಗಳು ಬೇಕಾದಷ್ಟಿವೆ. ಏಜೆನ್ಸಿಯವರು ಬರೆದುಕೊಡುವ ಪತ್ರದಲ್ಲಿ ಇದು ಬರುವುದಿಲ್ಲ.

ಏಜೆನ್ಸಿಗಳ ಬಗ್ಗೆ ಇಷ್ಟು ತಿಳಿದಿರಲಿ: "ಉಚಿತ ಸೇವೆ" ಕೊಡುವವರಿಗೆ ದುಡ್ಡು ಬರುವುದು ವಿಶ್ವವಿದ್ಯಾಲಯದ ಕಮಿಷನ್ನಿನಿಂದ. ಕಮಿಷನ್ ಇಲ್ಲದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯವನ್ನು ಅವರು ತಾವಾಗಿ ಹೇಳುವುದು ಅಪರೂಪ. ನಾನು ಹೊರಡುವಾಗ ಒಂದು ಏಜೆನ್ಸಿ ನನ್ನ ಗಮನಕ್ಕೆ ತರದೆ ಕೋರ್ಸನ್ನೇ ಬದಲಿಸಿ ಅರ್ಜಿ ಹಾಕಿತ್ತು, ಆಫರ್ ಪತ್ರ ಬಂದಾಗಷ್ಟೇ ತಿಳಿಯಿತು. ಯಾರ ನೆರವು ಪಡೆದರೂ ಅರ್ಜಿಯ ಲಾಗಿನ್, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ನಕಲಿ ಅನುಭವ ಪತ್ರ, ತಾತ್ಕಾಲಿಕವಾಗಿ ಖಾತೆಗೆ ದುಡ್ಡು ಹಾಕಿಸುವ ವ್ಯವಸ್ಥೆ, ಇಂಥದ್ದನ್ನು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸಿಕ್ಕಿಬಿದ್ದರೆ ವರ್ಷಗಟ್ಟಲೆ ವೀಸಾ ಸಿಗುವುದಿಲ್ಲ.

ಎಂಟನೇ ಹೆಜ್ಜೆ: ವೀಸಾ

ಅಮೆರಿಕಕ್ಕಾದರೆ ವಿಶ್ವವಿದ್ಯಾಲಯ ಕಳಿಸುವ ಐ-20 ಪತ್ರ ಬಂದ ಮೇಲೆ ವಿದೇಶಿ ವಿದ್ಯಾರ್ಥಿಗಳ ನೋಂದಣಿಯ ಸೆವಿಸ್ ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್, ಡಿಎಸ್-160 ಎಂಬ ಆನ್‌ಲೈನ್ ವೀಸಾ ಅರ್ಜಿ, ಆಮೇಲೆ ಸಂದರ್ಶನ. 2025ರ ಜೂನ್‌ನಿಂದ ವಿದ್ಯಾರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ನಿಯಮವಿದೆ. ಸಂದರ್ಶನ ಎರಡು ಮೂರು ನಿಮಿಷದ್ದು. ಈ ಕೋರ್ಸ್ ಯಾಕೆ, ದುಡ್ಡು ಯಾರದು, ಇವೆರಡಕ್ಕೆ ಗಟ್ಟಿಯಾಗಿ, ಸರಳ ಇಂಗ್ಲಿಷಿನಲ್ಲಿ ಉತ್ತರ ಹೇಳಿದರೆ ಸಾಕು. ಬಾಯಿಪಾಠ ಬೇಡ.

ದುಡ್ಡು ತೋರಿಸುವಾಗ ಜಮೀನಿನ ಬೆಲೆಯ ಪ್ರಮಾಣಪತ್ರ ಲೆಕ್ಕಕ್ಕೆ ಬರುವುದಿಲ್ಲ. ಖಾತೆಯಲ್ಲಿರುವ ಹಣ, ಠೇವಣಿ, ಮಂಜೂರಾದ ಸಾಲ, ಇವೇ ಬೇಕು. ಬ್ರಿಟನ್ನಿಗೆ ಆ ಹಣ ಸತತ 28 ದಿನ ಖಾತೆಯಲ್ಲಿ ಇಳಿಯದೆ ಇರಬೇಕು. ಒಂದೇ ದಿನ 12 ಲಕ್ಷ ಬಂದು ಕೂತಿದ್ದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಆಗ ನೆರವಿಗೆ ಬರುವುದು ಎರಡನೇ ಹೆಜ್ಜೆಯಲ್ಲಿ ಜೋಡಿಸಿಟ್ಟ ಕಾಫಿ ಬಿಲ್ಲು, ಪಹಣಿ, ರಿಟರ್ನ್.

ಹೊರಡುವ ಮೊದಲು, ಹೋದ ಮೇಲೆ

ಲಸಿಕೆಯ ದಾಖಲೆ ಮಾಡಿಸಿಕೊಳ್ಳಿ. ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆ ಕೇಳುತ್ತವೆ. ಆಸ್ಟ್ರೇಲಿಯಾಕ್ಕೆ ಹೋಗುವವರು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಹುಳಿಪುಡಿ, ಕಾಫಿಪುಡಿ ಎಲ್ಲವನ್ನೂ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಬರೆದು ತೋರಿಸಿ. ತೋರಿಸಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ, ವೀಸಾಕ್ಕೂ ಕುತ್ತು ಬರಬಹುದು. ತೋಟದ ಹಸಿ ಬೀಜ ಒಯ್ಯಬೇಡಿ, ಹುರಿದು ಪುಡಿ ಮಾಡಿದ್ದು ಸಾಕು. ಅಪ್ಪನ ಫೋನಿನಲ್ಲಿ ವಿಡಿಯೊ ಕರೆ ಮಾಡುವುದನ್ನೂ, ಬ್ಯಾಂಕಿನಿಂದ ಬರುವ ಸಂದೇಶ ಓದುವುದನ್ನೂ ಹೇಳಿಕೊಟ್ಟು ಹೋಗಿ.

ಮೊದಲ ಸೆಮಿಸ್ಟರಿನಲ್ಲಿ ನಮ್ಮವರು ಎಡವುವುದು ಒಂದು ಕಡೆ. ಇಲ್ಲಿ ಸೀನಿಯರ್‌ಗಳ ಲ್ಯಾಬ್ ರೆಕಾರ್ಡ್ ನೋಡಿ ಬರೆಯುವುದು, ಗೆಳೆಯನ ಪ್ರೋಗ್ರಾಮ್ ತೆಗೆದುಕೊಳ್ಳುವುದು ಅಭ್ಯಾಸ. ಕೊಟ್ಟವನಿಗೂ ಅದು ಸ್ನೇಹ ಅನ್ನಿಸುತ್ತದೆ. ಅಲ್ಲಿ ಅದು ಕೃತಿಚೌರ್ಯ. ಕೊಟ್ಟವರಿಗೂ ಪಡೆದವರಿಗೂ ಒಂದೇ ಶಿಕ್ಷೆ. ವಿಷಯದಲ್ಲಿ ಸೊನ್ನೆಯಿಂದ ಹಿಡಿದು ವಿಶ್ವವಿದ್ಯಾಲಯದಿಂದ ಹೊರಹಾಕುವವರೆಗೂ ಹೋಗುತ್ತದೆ, ಹೊರಹಾಕಿದರೆ ವೀಸಾವೂ ಹೋಯಿತು. ಸಲ್ಲಿಸಿದ ಕೋಡನ್ನು ಸಾಫ್ಟ್‌ವೇರ್ ಹೋಲಿಸಿ ನೋಡುತ್ತದೆ, ಹೆಸರು ಬದಲಿಸಿದರೂ ಹಿಡಿಯುತ್ತದೆ. ಎಐ ಬಳಸಬಹುದೇ, ಎಷ್ಟು ಬಳಸಬಹುದು ಎಂಬುದು ಪ್ರತಿ ವಿಷಯದ ಕೈಪಿಡಿಯಲ್ಲಿ ಬರೆದಿರುತ್ತದೆ. ಮೊದಲ ವಾರವೇ ಓದಿ. ಗೊತ್ತಾಗದಿದ್ದರೆ ಟ್ಯೂಟರ್ ಬಳಿ ಹೋಗಿ ಕೇಳಿ. ಅಲ್ಲಿ ಕೇಳುವುದನ್ನು ಯಾರೂ ದಡ್ಡತನ ಎಂದುಕೊಳ್ಳುವುದಿಲ್ಲ. ನಾನು ಕೇಳಲು ನಾಚಿ ಎಂಟು ವಾರ ಕಳೆದೆ, ಡೇಟಾಬೇಸ್ ವಿಷಯದಲ್ಲಿ ಕಷ್ಟಪಟ್ಟು ಪಾಸಾದೆ. ನೀವು ಮೊದಲ ವಾರವೇ ಕೈ ಎತ್ತಿ.

ಕೆಲಸದ ಗಂಟೆಯ ಮಿತಿ ಮೀರಬೇಡಿ, ಕೈಗೆ ನಗದು ಕೊಡುತ್ತೇನೆಂದರೂ ಬೇಡ. ಇಂಟರ್ನ್‌ಶಿಪ್ ಹುಡುಕಾಟ ಎರಡನೇ ವರ್ಷಕ್ಕೆ ಕಾಯುವುದಿಲ್ಲ. ಅಮೆರಿಕದಲ್ಲಿ ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ನೀವು ಇಳಿದ ತಿಂಗಳಲ್ಲೇ ಅರ್ಜಿ ತೆರೆದಿರುತ್ತದೆ. ಓದಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವ ಆ 12 ತಿಂಗಳ ಅನುಮತಿಗೆ, ಅಂದರೆ ಒಪಿಟಿಗೆ, ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಮುಗಿದು 60 ದಿನ ದಾಟಿದರೆ ಆಗುವುದಿಲ್ಲ. ಅದು ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಈ ಶುಲ್ಕ, ಮಿತಿ, ದಿನಗಳೆಲ್ಲ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ತಾಣದಲ್ಲಿ ಮತ್ತೊಮ್ಮೆ ನೋಡಿ, ಆ ಪುಟವನ್ನು ಅಚ್ಚು ಹಾಕಿಸಿ ಪಾಸ್‌ಪೋರ್ಟ್ ಇಟ್ಟ ಕಡತದಲ್ಲೇ ಇಟ್ಟುಕೊಳ್ಳಿ.